ಕ್ಯಾನ್ಸರ್ ನಿವಾರಣಾ ಸಂಶೋಧನ ಶಿಕ್ಷಣ
ಡಾಕ್ಟರೇಟ್ ಪದವೀಧರರನ್ನು ಅರ್ಬುದರೋಗವು ದೇಹದಲ್ಲಿ ಬೇರೂರುವ ಮುನ್ನವೇ ತಡೆಯುವ ವಿದ್ಯೆಯಲ್ಲಿ ಪಳಗಿಸಲೋಸುಗ ಅಮೆರಿಕ ಸಂಯುಕ್ತ ಸಂಸ್ಥಾನಗಳ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯು 1987ರಲ್ಲಿ ಆರಂಭಿಸಿದ ಶಿಕ್ಷಣಕ್ರಮವು ಈ ಬಗೆಯವುಗಳಲ್ಲಿ ಪ್ರಮುಖವಾದುದು. ವೈದ್ಯರಿಗೂ ಜೀವವಿಜ್ಞಾನಿಗಳಿಗೂ ಮಾತ್ರವಲ್ಲದೆ ಸಮಾಜಶಾಸ್ತ್ರಾದಿಗಳಲ್ಲಿ ಪರಿಣತರಾದವರಿಗೂ ಇಲ್ಲಿ ಪ್ರವೇಶವುಂಟು. ಅರ್ಹರಾದವರು ಮೊದಲ ವರ್ಷವನ್ನು ವಿಶ್ವವಿದ್ಯಾನಿಲಯವೊಂದರಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಗೆ ಮೀಸಲಿಟ್ಟು, ತರುವಾಯ ಮೇರಿಲ್ಯಾಂಡ್ ಪ್ರಾಂತದಲ್ಲಿರುವ ಸಂಸ್ಥೆಯ ಹಿರಿಯ ವಿಜ್ಞಾನಿಗಳ ಮಾರ್ಗದರ್ಶನದಲ್ಲಿ ಸ್ವತಂತ್ರ ಸಂಶೋಧನೆ ಕೈಕೊಳ್ಳುವರು. ಈ ಅನುಕ್ರಮವು ಯುಕ್ತವೇ ಸರಿ: ಜೀವಕೋಶವೊಂದರ ವಿಕಾರವನ್ನು ಸೂಕ್ಷ್ಮದರ್ಶಕದಲ್ಲಿ ಬಲ್ಲವನು, ಹೊಗೆಸೊಪ್ಪಿನ ಚಟವು ಜನಸಮುದಾಯದಲ್ಲಿ ಹಬ್ಬುವ ಬಗೆಯನ್ನಾಗಲಿ, ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾದ ವೈರಸ್ಸಿನ ವಿರುದ್ಧದ ಲಸಿಕೆಯು ಹಳ್ಳಿಯ ಬಾಲಿಕೆಯನ್ನು ಮುಟ್ಟದಿರುವುದೇಕೆಂಬುದನ್ನಾಗಲಿ ತಾನಾಗಿಯೇ ಅರಿಯಲಾರನು. ರೋಗವ್ಯಾಪ್ತಿಶಾಸ್ತ್ರ, ಸಂಖ್ಯಾಶಾಸ್ತ್ರ, ವರ್ತನವಿಜ್ಞಾನಗಳ ಪರಿಚಯವಿಲ್ಲದ ಪ್ರಯೋಗಶಾಲೆಯ ಪಾಂಡಿತ್ಯವು ನಿವಾರಣಾಕಾರ್ಯಕ್ಕೆ ಸಾಲದು.