ನೇಗಿಲು: ಒಂದು ಹೆಸರಿನ ಜಾಡು

ಕಾಸರಗೋಡಿನ ಕಡೆಯ ಹಳೆಯ ಮನೆಗಳಲ್ಲಿ ಅಟ್ಟದ ಮೇಲೋ ಕೊಟ್ಟಿಗೆಯ ಮೂಲೆಯಲ್ಲೋ ಮರದ ನೇಗಿಲೊಂದು ಇಂದಿಗೂ ಧೂಳು ಹಿಡಿದು ಒರಗಿರುವುದುಂಟು. ಏಣೆಲು, ಸುಗ್ಗಿ, ಕೊಳಕೆ ಎಂದು ಬೆಳೆಯ ಹೆಸರಿನಲ್ಲೇ ವರ್ಷವನ್ನು ಎಣಿಸುತ್ತಿದ್ದ ಗದ್ದೆಗಳಲ್ಲಿ ಹಲವು ಅಡಿಕೆ ತೋಟಗಳಾದವು. ಉಳಿದವುಗಳಿಗೆ ಟಿಲ್ಲರ್ ಇಳಿಯಿತು. ಉಳುವ ನೇಗಿಲು ಹೋದರೂ ಅದರ ಹೆಸರು ಮಾತ್ರ ಪಾಠದಲ್ಲಿ, ಕುವೆಂಪು ಅವರಿಂದ ನಾಡಿಗೆಲ್ಲ ಪರಿಚಿತವಾದ 'ನೇಗಿಲಯೋಗಿ' ಎಂಬ ಪದದಲ್ಲಿ ಉಳಿದಿದೆ. ಈ ಹೆಸರು ಎಲ್ಲಿಂದ ಬಂದಿತು?

ವ್ಯಾಕರಣ ಪಾಠದಲ್ಲಿ ತತ್ಸಮ ತದ್ಭವಗಳ ಪಟ್ಟಿಯನ್ನು ಬಾಯಿಪಾಠ ಮಾಡಿದವರಿಗೆ ಉತ್ತರ ಸುಲಭವೆನಿಸೀತು: ಸಂಸ್ಕೃತದ 'ಲಾಂಗಲ'ವೇ ಕೆಟ್ಟು 'ನೇಗಿಲು' ಆಯಿತು. ಎರಡೂ ಶಬ್ದಗಳು ಹತ್ತಿರದವು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಹತ್ತಿರದ್ದೆಲ್ಲ ಒಂದು ಇನ್ನೊಂದರಿಂದ ಹುಟ್ಟಿದ್ದೆಂದು ಹೇಳಲಾಗದು. ಈ ಪ್ರಶ್ನೆಯನ್ನು ಬಿಡಿಸಲು ಗಡಿನಾಡಿನವರಾದ ನಮಗೆ ಒಂದು ಅನುಕೂಲವಿದೆ. ಮನೆಯಲ್ಲಿ ಕನ್ನಡ, ಗದ್ದೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ ಎಂದು ಬಾಳುವವರ ಕಿವಿಯಲ್ಲಿಯೇ ಇದರ ಸಾಕ್ಷ್ಯಗಳಿವೆ.

ಮಲಯಾಳದಲ್ಲಿ ಸೂರ್ಯನಿಗೆ 'ಞಾಯರ್'. ಭಾನುವಾರವನ್ನು ನಾವು ಪೇಟೆಯಲ್ಲಿ 'ಞಾಯರಾಳ್ಚ' ಎಂದೇ ಕೇಳುತ್ತೇವೆ. ಕನ್ನಡದಲ್ಲಿ ಅದು 'ನೇಸರು'. ಅಲ್ಲಿ ಬಿಲ್ಲಿನ ಹಗ್ಗ 'ಞಾಣ್', ಇಲ್ಲಿ ಹಗ್ಗಕ್ಕೆ 'ನೇಣು'. ಅವರ 'ಞಾವಲ್' ಹಣ್ಣೇ ನಮ್ಮ ನೇರಳೆ. ಮೊದಲಲ್ಲಿ 'ಞಾ' ಇದ್ದ ಕಡೆ ಕನ್ನಡವು 'ನೇ' ಎನ್ನುತ್ತದೆ. ಇದು ಒಂದೆರಡು ಪದಗಳ ಆಕಸ್ಮಿಕವಲ್ಲ, ನಿಯಮ. ಈಗ ಹಳೆಯ ತಮಿಳಿನಲ್ಲಿ ನೇಗಿಲಿಗೆ ಇರುವ ಪದವನ್ನು ನೋಡಿ: 'ಞಾಞ್ಚಿಲ್'. ನಿಯಮದಂತೆ ಕನ್ನಡದಲ್ಲಿ 'ನೇ' ಬರಬೇಕು, ಬಂದಿದೆ.

ನಡುವಿನ ಅನುನಾಸಿಕ ಎಲ್ಲಿ ಹೋಯಿತು ಎಂದು ಕೇಳಬಹುದು. ಅದಕ್ಕೂ ನೆರೆಯ ಭಾಷೆಯೇ ಉತ್ತರ ಹೇಳುತ್ತದೆ. ಮಲಯಾಳದ 'ತೂಙ್ಙುಗ' ನಮ್ಮಲ್ಲಿ 'ತೂಗು', 'ನೀಙ್ಙುಗ' ನಮ್ಮಲ್ಲಿ 'ನೀಗು', 'ಪಾಂಬ್' ನಮ್ಮಲ್ಲಿ 'ಹಾವು'. ದೀರ್ಘ ಸ್ವರದ ಬಳಿಕ ಬರುವ ಅನುನಾಸಿಕವನ್ನು ಕನ್ನಡ ಬಿಟ್ಟುಕೊಟ್ಟಿದೆ. ಮಲಯಾಳದ ಹಳೆಯ ಪದವಾದ 'ಞೇಙ್ಙೋಲ್' ಮತ್ತು ಕೊಡವರ 'ನೇಂಗಿ' ಅದನ್ನು ಉಳಿಸಿಕೊಂಡಿವೆ. ತೆಲುಗಿನಲ್ಲಿ 'ನಾಗಲಿ', ತುಳುವಿನಲ್ಲಿ 'ನಾಯೆರ್'. ಮಧ್ಯಭಾರತದ ಗೊಂಡಿ, ಕೊಲಾಮಿ ಮೊದಲಾದ ಗುಡ್ಡಗಾಡಿನ ದ್ರಾವಿಡ ಭಾಷೆಗಳಲ್ಲಿಯೂ ಇದರ ಬಂಧುಗಳಿವೆ. ಬರೋ ಮತ್ತು ಎಮೆನೊ ಅವರು 1961ರಲ್ಲಿ ಹೊರತಂದು 1984ರಲ್ಲಿ ಪರಿಷ್ಕರಿಸಿದ ದ್ರಾವಿಡ ಜ್ಞಾತಿಪದಕೋಶ ಇವನ್ನೆಲ್ಲ ಒಂದೇ ಕುಟುಂಬವಾಗಿ ಜೋಡಿಸಿದೆ. 'ಲಾಂಗಲ'ವನ್ನು ಕನ್ನಡ ಸಂಸ್ಕೃತದಿಂದ ನೇರವಾಗಿ ಎರವಲು ಪಡೆದಿದ್ದರೆ, 'ಲಾ' ಎಂಬುದು 'ನೇ' ಆಗಲು ಕಾರಣವೇ ಇರಲಿಲ್ಲ. ಕನ್ನಡವು ಈ ಶಬ್ದವನ್ನು ತನ್ನ ಮನೆಯ ಹಿರಿಯರಿಂದಲೇ ಪಡೆದಿದೆ.

ಇನ್ನು ಸಂಸ್ಕೃತದ ಕಡೆ ತಿರುಗೋಣ. 'ಲಾಂಗಲ' ಅಲ್ಲಿಯೂ ಹೊಸ ಮಾತಲ್ಲ; ಋಗ್ವೇದದ ನಾಲ್ಕನೆಯ ಮಂಡಲದ 57ನೆಯ ಸೂಕ್ತದಲ್ಲಿಯೇ, ಹೊಲದ ಒಡೆಯನನ್ನೂ ಸೀತೆಯನ್ನೂ ಅಂದರೆ ಉಳುಮೆಯ ಸಾಲನ್ನೂ ಪ್ರಾರ್ಥಿಸುವಲ್ಲಿ, ಅದು ಬಂದಿದೆ. ಆದರೆ ಸಂಸ್ಕೃತದ ದೂರದ ಬಂಧುಗಳಲ್ಲಿ ಅದಕ್ಕೆ ನಂಟರಿಲ್ಲ. ಲ್ಯಾಟಿನ್ನಿನಲ್ಲಿ ನೇಗಿಲಿಗೆ 'ಅರಾಟ್ರುಮ್', ಗ್ರೀಕಿನಲ್ಲಿ 'ಅರೊಟ್ರೊನ್'. ಆ ಧಾತುವಿನಿಂದ ಹುಟ್ಟಿದ ನೇಗಿಲಿನ ಹೆಸರು ಸಂಸ್ಕೃತದಲ್ಲಿಲ್ಲ. ನೊಗದ ಮಾತು ಬೇರೆ. ಸಂಸ್ಕೃತದ 'ಯುಗ'ಕ್ಕೂ ಇಂಗ್ಲಿಷಿನ 'ಯೋಕ್'ಗೂ ರಕ್ತಸಂಬಂಧವಿದೆ. ನೊಗದ ಹೆಸರನ್ನು ವೇದದ ಜನ ತಮ್ಮೊಂದಿಗೆ ತಂದರು, ಉಳುವ ಮರದ ಹೆಸರನ್ನು ಈ ನೆಲದಲ್ಲಿ ಮೊದಲೇ ಉಳುತ್ತಿದ್ದವರಿಂದ ಕಲಿತರು ಎಂದು ಇದರಿಂದ ಊಹಿಸಲು ಅಡ್ಡಿಯಿಲ್ಲ. ಈ ದೇಶದಲ್ಲಿ ಉಳುಮೆ ಎಷ್ಟು ಹಳೆಯದು ಎಂಬುದಕ್ಕೆ ರಾಜಸ್ಥಾನದ ಕಾಲಿಬಂಗನ್ನಿನಲ್ಲಿ 1960ರ ದಶಕದ ಉತ್ಖನನ ಕಣ್ಣಿಗೆ ಕಾಣುವ ಆಧಾರ ಕೊಟ್ಟಿದೆ. ಕ್ರಿ.ಪೂ. 2800ರ ಸುಮಾರಿನ ಆ ಹೊಲದಲ್ಲಿ ಸಾಲುಗಳು ಒಂದನ್ನೊಂದು ಅಡ್ಡಹಾಯ್ದು ಚೌಕುಳಿಯಾಗಿ ಉಳಿದಿದ್ದವು. ಹರಿಯಾಣದ ಬನಾವಳಿಯಲ್ಲಿ ಸುಟ್ಟ ಮಣ್ಣಿನ ಪುಟ್ಟ ನೇಗಿಲೊಂದು, ಆಟಿಕೆಯಷ್ಟು ಚಿಕ್ಕದು, ಸಿಕ್ಕಿದೆ.

ಹಾಗಾದರೆ ಸಂಸ್ಕೃತವು ದ್ರಾವಿಡದಿಂದಲೇ ಈ ಪದವನ್ನು ಪಡೆಯಿತು ಎಂದು ಹೆಮ್ಮೆಪಡಬಹುದೇ? ಅಲ್ಲಿ ನಾನು ಸ್ವಲ್ಪ ಹಿಂಜರಿಯುತ್ತೇನೆ. ಅಪ್ಪಟ ದ್ರಾವಿಡ ಪದಗಳು 'ಲ'ಕಾರದಿಂದ ಮೊದಲಾಗುವುದಿಲ್ಲ. ಸಂಸ್ಕೃತದ ಪದಕ್ಕೆ ಆ 'ಲ' ಬಂದುದು ಹೇಗೆ? ಪಾಲಿಯಲ್ಲಿ ಅದು 'ನಂಗಲ', ಮರಾಠಿಯಲ್ಲಿ 'ನಾಂಗರ'; ಬಂಗಾಳಿಯಲ್ಲಿ ಮಾತ್ರ 'ಲಾಂಗಲ್' ಉಳಿದಿದೆ. 1920ರ ದಶಕದಲ್ಲಿ ಫ್ರೆಂಚ್ ವಿದ್ವಾಂಸ ಪ್ರಿಲುಸ್ಕಿ ಇನ್ನೊಂದು ದಾರಿ ತೋರಿಸಿದರು. ಸಂತಾಲಿಯ 'ನಹೆಲ್', ಕಾಂಬೋಡಿಯದ ಖ್ಮೇರ್ ಭಾಷೆಯ ನೇಗಿಲಿನ ಹೆಸರು ಮುಂತಾದವು ಕೂಡ ಇದೇ ಗುಂಪಿಗೆ ಸೇರುತ್ತವೆ. ಮೂಲವನ್ನು ಮುಂಡಾ ಭಾಷೆಗಳು ಸೇರಿರುವ ಆಗ್ನೇಯ ಏಷ್ಯದ ಭಾಷಾ ಕುಟುಂಬದಲ್ಲಿ ಅರಸಬೇಕು ಎಂಬುದು ಅವರ ವಾದ. ಹಲವು ವಿದ್ವಾಂಸರು ಅದನ್ನು ಒಪ್ಪಿದ್ದಾರೆ. ಆ ಕುಟುಂಬದಿಂದ ಸಂಸ್ಕೃತವೂ ದ್ರಾವಿಡವೂ ಬೇರೆಬೇರೆಯಾಗಿ ಇದನ್ನು ಪಡೆದಿರುವುದು ನನಗೆ ಹೆಚ್ಚು ಸಂಭಾವ್ಯವೆನಿಸುತ್ತದೆ. ಹಾಗಿದ್ದರೂ ದ್ರಾವಿಡ ಭಾಷೆಗಳು ತಮಿಳು, ಕನ್ನಡ, ಗೊಂಡಿಗಳಾಗಿ ಕವಲೊಡೆಯುವ ಮುನ್ನವೇ ಅದು ನಮ್ಮದಾಗಿರಬೇಕು. ಇಲ್ಲವಾದರೆ ಮೇಲೆ ಹೇಳಿದ ನಿಯಮಗಳಿಗೆ ಅದು ಇಷ್ಟು ವಿಧೇಯವಾಗಿ ಒಳಪಡುತ್ತಿರಲಿಲ್ಲ.

ಪ್ರಸಂಗವಶಾತ್ ಒಂದು ಎಚ್ಚರ. ಮರಾಠಿಯಲ್ಲಿ ಹಡಗಿನ ಲಂಗರಿಗೂ 'ನಾಂಗರ' ಎಂಬುದೇ ಹೆಸರು. ಎರಡೂ ನೆಲಕ್ಕೆ ಕಚ್ಚಿಕೊಳ್ಳುವ ವಸ್ತುಗಳಾದ್ದರಿಂದ ಒಂದೇ ಮೂಲವೆಂದು ಕತೆ ಕಟ್ಟುವುದು ಸುಲಭ. ಆದರೆ ಲಂಗರು ಪಾರಸಿಯಿಂದ ಬಂದ ಬೇರೆಯೇ ಮಾತು. ಹೆಸರಿನ ಮೂಲವನ್ನು ಹೋಲಿಕೆಯಿಂದಲೇ ತೀರ್ಮಾನಿಸುವವರು ಇಂಥ ಕಡೆ ಎಡವುತ್ತಾರೆ.

ಇತ್ತ ನಮ್ಮ ಸುತ್ತಲಲ್ಲಿ ಹಳೆಯ ಹೆಸರುಗಳು ಸದ್ದಿಲ್ಲದೆ ಸರಿಯುತ್ತಿವೆ. ತಮಿಳರು 'ಞಾಞ್ಚಿಲ್' ಅನ್ನು ಸಾಹಿತ್ಯಕ್ಕೆ ಬಿಟ್ಟು 'ಕಲಪ್ಪೈ' ಎನ್ನುತ್ತಾರೆ; ಮಲಯಾಳದಲ್ಲಿಯೂ 'ಕಲಪ್ಪ'ವೇ ರೂಢಿ. ಕನ್ನಡದಲ್ಲಿ ಹೆಸರು ಉಳಿದರೂ ಅಂಗಾಂಗಗಳ ಹೆಸರುಗಳು ಅಳಿಯುತ್ತಿವೆ. ನೊಗಕ್ಕೆ ಸೇರುವ ಉದ್ದನೆಯ ಈಸು, ಕೈಯಲ್ಲಿ ಹಿಡಿಯುವ ಮೇಳಿ, ಮಣ್ಣನ್ನು ಸೀಳುವ ಕಬ್ಬಿಣದ ಕುಳ ಇವನ್ನು ಬೆರಳಿಟ್ಟು ತೋರಿಸಬಲ್ಲ ಎಳೆಯರು ಎಷ್ಟು ಮಂದಿ? ಕಂಬಳದ ಕರೆಯಲ್ಲಿ ಮಾತ್ರ ಹಗ್ಗ, ಅಡ್ಡ ಹಲಗೆ, ಕನೆ ಹಲಗೆಗಳ ಜೊತೆಗೆ 'ನೇಗಿಲು' ಎಂಬ ವಿಭಾಗವನ್ನು ಈಗಲೂ ಕೂಗಿ ಕರೆಯುತ್ತಾರೆ. ಅಲ್ಲಿ ಕೋಣಗಳು ಎಳೆಯುವುದು ಓಟಕ್ಕೆಂದೇ ಮಾಡಿದ ಹಗುರವಾದ ನೇಗಿಲನ್ನು. ಅದು ನೀರನ್ನು ಚಿಮ್ಮಿಸುತ್ತದೆ, ಗದ್ದೆಯನ್ನು ಉಳುವುದಿಲ್ಲ.