ಕೌಲ್ ಬಜಾರಿನ ಹೆಣ್ಣುಮಕ್ಕಳು ನಡೆದ ದಾರಿ

ಬಳ್ಳಾರಿಯ ಕೋಟೆಗುಡ್ಡವನ್ನು ನೀವು ಎಷ್ಟು ಸಲ ನೋಡಿಲ್ಲ! ಬಯಲಿನಿಂದ ಸುಮಾರು 450 ಅಡಿ ಮೇಲೆದ್ದ ಆ ಬಂಡೆಯ ಎತ್ತರ, ಸುತ್ತಳತೆಗಳನ್ನು ಆಂಗ್ಲ ಅಧಿಕಾರಿಗಳು ನೂರು ವರ್ಷಗಳಿಗೂ ಹಿಂದೆಯೇ ಅಳೆದು ಬರೆದಿಟ್ಟಿದ್ದಾರೆ. ಆ ಗುಡ್ಡದ ನೆರಳಿನಲ್ಲಿ ಬಾಳಿದ ಹೆಣ್ಣುಮಗಳೊಬ್ಬಳು ಒಂದು ಕೊಡ ನೀರಿಗಾಗಿ ದಿನಕ್ಕೆ ಎಷ್ಟು ದೂರ ನಡೆದಳು ಎಂಬ ಲೆಕ್ಕ ಮಾತ್ರ ಅಂಥ ಗ್ರಂಥಗಳಲ್ಲಿ ಸಿಗುವುದು ಕಷ್ಟ. ನಗರಗಳ ಇತಿಹಾಸವನ್ನು ಅವಳ ಕಡೆಯಿಂದ ಓದಲು ಯತ್ನಿಸಿದರೆ ನಮ್ಮ ಬಳ್ಳಾರಿ ಬೇರೆಯೇ ಊರಾಗಿ ಕಾಣುತ್ತದೆ.

1800ರಲ್ಲಿ ಹೈದರಾಬಾದಿನ ನಿಜಾಮನು ಈ ಸೀಮೆಯನ್ನು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟನು. ಥಾಮಸ್ ಮನ್ರೋ ಇಲ್ಲಿಯ ಪ್ರಧಾನ ಕಲೆಕ್ಟರನಾದನು. ಅನಂತರ ಬೆಳೆದ ಊರು ಸೇನೆಯ ಅಗತ್ಯಕ್ಕೆ ತಕ್ಕಂತೆ ಬೆಳೆದ ಊರು. ಸಿಪಾಯಿಗಳಿಗೂ ದೊರೆಗಳಿಗೂ ವಿಶಾಲವಾದ ದಂಡುಪ್ರದೇಶ. ಸೇನೆಯನ್ನು ಆಶ್ರಯಿಸಿ ಬಂದ ವರ್ತಕರು, ಕೂಲಿಗಳು, ಸೇವಕರಿಗೆ ಇಕ್ಕಟ್ಟಾದ ಬಜಾರುಗಳು. ಕೌಲು ಎಂದರೆ ಕರಾರು. ಕೌಲ್ ಬಜಾರ್ ಎಂಬ ಹೆಸರೇ ಆ ಕಾಲದ ಗುರುತು. 1901ರ ಜನಗಣತಿಯ ವೇಳೆಗೆ ಊರಿನ ಜನಸಂಖ್ಯೆ 58,247ಕ್ಕೆ ಮುಟ್ಟಿತ್ತು. ಬ್ರೂಸ್ ಪೇಟೆಯಂಥ ಹೆಸರುಗಳಲ್ಲಿ ದೊರೆಗಳ ನೆನಪು ಉಳಿದಿದೆ. ದೊರೆಗಳ ಮನೆಗಳಲ್ಲಿ ಪಾತ್ರೆ ಬೆಳಗಿದ ಆಯಾಗಳ ಹೆಸರಿನಲ್ಲಿ ಒಂದು ಗಲ್ಲಿಯೂ ಇದ್ದಂತೆ ಕಾಣೆ.

ಈ ಬಜಾರುಗಳ ಬಡ ಹೆಂಗಸರನ್ನು ಸರಕಾರ ಗಮನಿಸಲೇ ಇಲ್ಲವೆಂದರೆ ತಪ್ಪಾದೀತು. ಗಮನಿಸಿತು, ಆದರೆ ಸಿಪಾಯಿಗಳ ಆರೋಗ್ಯದ ದೃಷ್ಟಿಯಿಂದ ಮಾತ್ರ. 1864ರ ದಂಡುಪ್ರದೇಶಗಳ ಕಾಯಿದೆಯೂ 1868ರ ಸಾಂಕ್ರಾಮಿಕ ರೋಗಗಳ ಕಾಯಿದೆಯೂ, ವೇಶ್ಯೆಯರೆಂದು ಗುರುತಿಸಲ್ಪಟ್ಟ ಸ್ತ್ರೀಯರ ಹೆಸರನ್ನು ದಾಖಲೆಗೆ ಸೇರಿಸಿ, ಬಲವಂತದ ತಪಾಸಣೆಗೆ ಒಳಪಡಿಸಲು ಅಧಿಕಾರ ಕೊಟ್ಟವು. ರೋಗವಿದೆಯೆಂದು ಕಂಡವರನ್ನು ‘ಲಾಕ್ ಆಸ್ಪತ್ರೆ’ಯಲ್ಲಿ ಕೂಡಿಹಾಕಲಾಗುತ್ತಿತ್ತು. ಮದ್ರಾಸ್ ಪ್ರಾಂತದಲ್ಲಿ ಅಂಥ ಆಸ್ಪತ್ರೆಯಿದ್ದ ದಂಡುಗಳಲ್ಲಿ ಬಳ್ಳಾರಿಯೂ ಒಂದು. ರೋಗವನ್ನು ತಂದ ಗಂಡಸಿಗೆ ಈ ಕಾಯಿದೆಯ ಬಾಧೆಯಿರಲಿಲ್ಲ.

1876ರಿಂದ 1878ರವರೆಗಿನ ಮಹಾಕ್ಷಾಮ ಬಂದಾಗ ಪ್ರಾಂತದ ಈ ಆಸ್ಪತ್ರೆಗಳಲ್ಲಿ ವಿಚಿತ್ರವೊಂದು ನಡೆಯಿತು. ಹಸಿದ ಹೆಂಗಸರು ತಾವಾಗಿಯೇ ಬಂದು ಸೇರತೊಡಗಿದರು! ಅಲ್ಲಿ ಊಟ ಸಿಗುತ್ತಿತ್ತಷ್ಟೆ. ಅವಮಾನದ ಬಾಗಿಲನ್ನೇ ಅನ್ನದ ಬಾಗಿಲಾಗಿ ಬಳಸಿಕೊಂಡ ಆ ತಾಯಂದಿರನ್ನು ನಿಂದಿಸುವ ಎದೆ ನಮಗುಂಟೆ? ಬರಗಾಮಗಾರಿಗೆ ಹೋದವರಿಗಾದರೂ ನ್ಯಾಯ ದೊರೆಯಿತೇ ಎಂದರೆ, 1877ರ ಜನವರಿಯಲ್ಲಿ ರಿಚರ್ಡ್ ಟೆಂಪಲ್ ಗೊತ್ತುಮಾಡಿದ ಕೂಲಿ ಹೀಗಿತ್ತು: ಗಂಡಾಳಿಗೆ ಒಂದು ಪೌಂಡು ಧಾನ್ಯದ ಬೆಲೆಯ ಮೇಲೆ ಒಂದು ಆಣೆ, ಹೆಣ್ಣಾಳಿಗೆ ಅದೇ ಧಾನ್ಯದ ಬೆಲೆಯ ಮೇಲೆ ಅರ್ಧ ಆಣೆ. 1871 ಮತ್ತು 1881ರ ಜನಗಣತಿಗಳ ನಡುವೆ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಭಾಗದಷ್ಟು ಕುಸಿಯಿತು.

ಇಂಗ್ಲೆಂಡಿನಲ್ಲಿ ಇಂಥದೇ ಕಾಯಿದೆಯ ವಿರುದ್ಧ ದನಿಯೆತ್ತಿದವಳು ಜೋಸೆಫೀನ್ ಬಟ್ಲರ್, ಒಬ್ಬ ಪಾದ್ರಿಯ ಪತ್ನಿ. ಸಭ್ಯ ಮನೆತನದ ಹೆಂಗಸು ಇಂಥ ವಿಷಯವನ್ನು ನಾಲಗೆಯ ಮೇಲೂ ತರಬಾರದೆಂದು ಜನ ಹೀಗಳೆದರು, ಆಕೆ ಜಗ್ಗಲಿಲ್ಲ. ಅಲ್ಲಿಯ ಕಾಯಿದೆ 1886ರಲ್ಲೂ ಭಾರತದ್ದು 1888ರಲ್ಲೂ ರದ್ದಾದವು.

ಕಾಯಿದೆ ಹೋಯಿತು, ಗಲ್ಲಿಗಳ ಇಕ್ಕಟ್ಟು ಹೋಗಲಿಲ್ಲ. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ತುಂಗಭದ್ರೆಯ ಕಾಲುವೆಗಳು ಹರಿದವು. ಸಿರುಗುಪ್ಪ ಭತ್ತದ ಕಣಜವಾಯಿತು. ಅಲ್ಲಿಯ ಕೆಸರುಗದ್ದೆಗಳಲ್ಲಿ ದಿನವಿಡೀ ಬಗ್ಗಿ ನಾಟಿ ಹಾಕುವವರು ಬಹುತೇಕ ಹೆಂಗಸರೇ. ಬಳ್ಳಾರಿ ನಗರಕ್ಕೂ ಕುಡಿಯಲು ಕಾಲುವೆಯ ನೀರೇ ಆಧಾರ. ಅದನ್ನು ಅಲ್ಲೀಪುರ, ಮೋಕಾಗಳ ಕೆರೆಗಳಲ್ಲಿ ಕೂಡಿಡುತ್ತಾರೆ. ನಲ್ಲಿಯಲ್ಲಿ ನೀರು ಬರುವ ದಿನ ಯಾವುದೆಂದು ಬಡಾವಣೆಯ ಗಂಡಸರನ್ನು ಕೇಳಿ ನೋಡಿ, ಹೆಚ್ಚಿನವರು ಮನೆಯೊಡತಿಯ ಮುಖ ನೋಡುತ್ತಾರೆ. ಕೂಲಿ ಬಿಟ್ಟು ಕೊಡಗಳನ್ನು ಸಾಲಾಗಿಟ್ಟು ಕಾಯುವವಳು ಅವಳು.

ಬಳ್ಳಾರಿಯ ಜೀನ್ಸ್ ಬಟ್ಟೆಗೆ ಇಂದು ದೇಶದಲ್ಲೆಲ್ಲ ಹೆಸರಿದೆ. ಸಿಪಾಯಿಗಳ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿಗಳಿಂದಲೇ ಈ ಕಸುಬು ಬೆಳೆಯಿತೆಂದು ಊರಿನವರು ಹೇಳುತ್ತಾರೆ. ಗುಂಡಿ ಹಚ್ಚುವುದು, ದಾರ ಕತ್ತರಿಸುವುದು ಮುಂತಾದ ಕೆಲಸ ಅನೇಕ ಮನೆಗಳ ಒಳಗೇ ನಡೆಯುತ್ತದೆ. ನಗರ ಯೋಜನೆಯ ನಕಾಶೆಯಲ್ಲಿ ಆ ಮನೆ ಬರಿಯ ‘ವಸತಿ’. ಅಡುಗೆಮನೆ, ಕಾರ್ಖಾನೆ, ತೊಟ್ಟಿಲು ಎಲ್ಲವೂ ಅದೇ ಹತ್ತಡಿಯ ಕೋಣೆ. ಅದಕ್ಕೆ ಬೆಳಕು, ಗಾಳಿ, ಚರಂಡಿ ಎಷ್ಟು ಬೇಕೆಂಬುದು ವಸತಿಯ ಲೆಕ್ಕದಲ್ಲಿ ಬಾರದು. ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವವರನ್ನು ನಾನು ಒಪ್ಪಲಾರೆ.

ಹೊರದೇಶಗಳಲ್ಲಿ ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿದವರಿದ್ದಾರೆ. ಆಸ್ಟ್ರಿಯದ ವಿಯೆನ್ನಾ ನಗರದಲ್ಲಿ 1990ರ ದಶಕದಲ್ಲಿ ಸ್ತ್ರೀ ವಾಸ್ತುಶಿಲ್ಪಿಗಳಿಂದಲೇ ಒಂದು ವಸತಿ ಸಮುಚ್ಚಯವನ್ನು ರೂಪಿಸಿದರು. ಅಂಗಳದಲ್ಲಿ ಆಡುವ ಮಗು ಅಡುಗೆಮನೆಯ ಕಿಟಕಿಗೆ ಕಾಣುವಂತೆ, ಶಿಶುವಿಹಾರ ಹತ್ತಿರದಲ್ಲೇ ಇರುವಂತೆ ಕಟ್ಟಿದರು. ಕೇಳಿದರೆ ನಮ್ಮ ಅಜ್ಜಿಯಂದಿರ ತೊಟ್ಟಿಮನೆಯೇ ನೆನಪಾಗುತ್ತದೆ!

ನಮ್ಮಲ್ಲಿಯೂ ಒಂದು ಹೆಜ್ಜೆ ಬಸ್ಸಿನ ರೂಪದಲ್ಲಿ ಬಂತು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಸ್ತ್ರೀಯರಿಗೆ ಟಿಕೆಟ್ಟಿನ ಹಣವಿಲ್ಲ. ಕುರುಗೋಡು ಸಿಂದ ಅರಸರ ಕಾಲದಲ್ಲಿ ರಾಜಧಾನಿಯಾಗಿ ಮೆರೆದ ಊರು; 2017ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಒಂದು. ಆದರೂ ದೊಡ್ಡ ಆಸ್ಪತ್ರೆಗೆ, ಕಾಲೇಜಿಗೆ, ಕೂಲಿಗೆ ಅಲ್ಲಿಯವರು ಬಳ್ಳಾರಿಯತ್ತ ಮುಖ ಮಾಡಬೇಕು. ಸಿರುಗುಪ್ಪದವರ ಪಾಡೂ ಹೆಚ್ಚುಕಡಿಮೆ ಅದೇ. ಪುಕ್ಕಟೆ ಕೊಟ್ಟು ಜನರನ್ನು ಕೆಡಿಸಿದರೆಂದು ಗೊಣಗುವವರು ಬೆಳಗಿನ ಬಸ್ಸಿನಲ್ಲಿ ಒಮ್ಮೆ ನಿಂತು ಪ್ರಯಾಣ ಮಾಡಲಿ. ಹಣವಿಲ್ಲದಿದ್ದರೂ ನಿರ್ವಾಹಕರು ಪ್ರತಿಯೊಬ್ಬಳಿಗೂ ಶೂನ್ಯ ದರದ ಚೀಟಿ ಹರಿದುಕೊಡುತ್ತಾರೆ. ಎಲ್ಲಿ ಹತ್ತಿದಳು, ಎಲ್ಲಿಗೆ ಹೊರಟಳು ಎಂಬುದು ಅದರಲ್ಲಿದೆ. ಬಸ್ಸಿಳಿದ ಮೇಲೆ ದೀಪವಿಲ್ಲದ ಗಲ್ಲಿಯಲ್ಲಿ ಮನೆಯವರೆಗೆ ಅವಳು ನಡೆಯುವ ದೂರ ಇನ್ನೂ ಲೆಕ್ಕದ ಹೊರಗೇ ಇದೆ.