ಕಾವಲು ಕರಗಿದ ಮೇಲೆ ಕಾಯುವವರು ಯಾರು?

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ಹೋದವರನ್ನು ಮೊದಲು ಎದುರುಗೊಳ್ಳುವುದು ಆನೆಗಳು. ಗೋಡೆಯ ಬುಡದ ಪಟ್ಟಿಕೆಯಲ್ಲಿ ಒಂದರ ಹಿಂದೆ ಒಂದು ಸಾಲುಗಟ್ಟಿ ನಡೆಯುತ್ತವೆ. ಅವುಗಳ ಮೇಲಿನ ಸಾಲುಗಳಲ್ಲಿ ಸಿಂಹ, ಬಳ್ಳಿ, ಕುದುರೆ; ಇನ್ನೂ ಮೇಲೆ ಮಕರ, ಹಂಸ. 19ನೇ ಶತಮಾನದಲ್ಲಿ ಈ ಶಿಲ್ಪದ ಬಗ್ಗೆ ಬರೆದ ಜೇಮ್ಸ್ ಫರ್ಗ್ಯುಸನ್, ಆನೆಗಳೇ ಎರಡು ಸಾವಿರಕ್ಕೆ ಕಡಿಮೆಯಿಲ್ಲ ಎಂದು ಅಂದಾಜು ಮಾಡಿದ್ದ. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳನ್ನು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಈ ಕಲ್ಲಿನ ಪ್ರಾಣಿಗಳ ಕ್ಷೇಮಕ್ಕೆ ಜಗತ್ತೇ ಹೊಣೆ ಹೊತ್ತಂತಾಯಿತು.

ಆದರೆ ಉಸಿರಾಡುವ ಪ್ರಾಣಿಗಳ ಕತೆ ಬೇರೆ. ಅರಸೀಕೆರೆಯ ರಸ್ತೆ ಬದಿಯಲ್ಲಿ ಕಾಲು ಮುರಿದು ಬಿದ್ದ ಕರು, ಬಸ್ ನಿಲ್ದಾಣದ ಬಳಿ ಹುಣ್ಣಾದ ನಾಯಿ, ಬೇಲೂರು ಕಡೆಯ ಕಾಫಿ ತೋಟಕ್ಕೆ ಇಳಿದ ಕಾಡಾನೆ: ಇವಕ್ಕೆ ಹೊಣೆ ಯಾರು? ಇತ್ತೀಚಿನ ದಶಕಗಳಲ್ಲಿ ಈ ಪ್ರಶ್ನೆಗೆ ಉತ್ತರವಾಗಿ ಹುಟ್ಟಿಕೊಂಡಿರುವುದು ಪ್ರಾಣಿ ರಕ್ಷಣಾ ಸಂಘಟನೆಗಳು. ಫೋನ್ ಬಂದರೆ ಓಡುವ ನಾಲ್ಕಾರು ಯುವಕರು, ಒಂದು ಬಾಡಿಗೆ ವಾಹನ, ಒಂದು ಶೆಡ್ಡು, ಪರಿಚಯದ ಪಶುವೈದ್ಯರು. ಇಷ್ಟರಲ್ಲೇ ಅನೇಕ ಕಡೆ ಕೆಲಸ ನಡೆಯುತ್ತದೆ. ಇದು ಪೇಟೆಯವರ ಹೊಸ ಶೋಕಿ ಎಂದು ಮೂಗು ಮುರಿಯುವವರಿದ್ದಾರೆ. ಇತಿಹಾಸವನ್ನು ತಿರುವಿ ನೋಡಿದರೆ ಇದು ಶೋಕಿಯಲ್ಲ, ಹಳೆಯ ವ್ಯವಸ್ಥೆಯೊಂದು ಕುಸಿದ ಜಾಗದಲ್ಲಿ ಕೊಟ್ಟ ಊರುಗೋಲು ಎಂಬುದು ಗೊತ್ತಾಗುತ್ತದೆ.

ಪ್ರಾಣಿದಯೆ ಮನಸ್ಸಿಗೆ ಸಂಬಂಧಿಸಿದ್ದು ಎಂದು ನಾವು ತಿಳಿದಿದ್ದೇವೆ. ನಿಜವೇ. ಆದರೆ ಅದು ಮನಸ್ಸಿಗಿಂತ ಹೆಚ್ಚಾಗಿ ನೆಲಕ್ಕೆ ಸಂಬಂಧಿಸಿದ್ದು.

ನಾಯಿಗೊಂದು ಕಲ್ಲು, ಕಲ್ಲಿಗೊಂದು ಹೊಲ

ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ 5ನೇ ಸಂಪುಟವಾಗಿ ಪ್ರಕಟಿಸಿದರು. ಈ ಸೀಮೆಯ ಊರುಗಳಲ್ಲಿ ಇಂದಿಗೂ ನಿಂತಿರುವ ವೀರಗಲ್ಲುಗಳಲ್ಲಿ ತುರುಗೋಳಿನ ಕಲ್ಲುಗಳದ್ದೇ ಒಂದು ವರ್ಗ. ತುರು ಎಂದರೆ ದನ. ತುರುಗೋಳ್ ಎಂದರೆ ದನಗಳ ಅಪಹರಣ. ಕಲ್ಲಿನ ಕೆಳಗಿನ ಅಂಕಣದಲ್ಲಿ ಕಾಳಗ ಮತ್ತು ದನದ ಹಿಂಡು, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಸ್ವರ್ಗ. ಊರ ದನಗಳಿಗಾಗಿ ಸತ್ತವನನ್ನು ಊರು ನೆನೆಯುತ್ತಿತ್ತು. ಇದರಲ್ಲಿ ಕರುಣೆಗಿಂತ ಲೆಕ್ಕವೇ ಮುಖ್ಯ ಎನ್ನಬಹುದು. ದನವೆಂದರೆ ಉಳುಮೆ, ಗೊಬ್ಬರ, ಹಾಲು, ಒಟ್ಟಿನಲ್ಲಿ ಬದುಕು.

ಲೆಕ್ಕವನ್ನು ಮೀರಿದ ಉದಾಹರಣೆಯೂ ಕನ್ನಡನಾಡಿನಲ್ಲಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಕ್ರಿ.ಶ. 949-50ರದು. ರಾಷ್ಟ್ರಕೂಟ ಮೂರನೇ ಕೃಷ್ಣನ ಪರವಾಗಿ ತಕ್ಕೋಲದಲ್ಲಿ ಚೋಳರ ವಿರುದ್ಧ ಕಾದಿದ ಗಂಗರ ಬೂತುಗ, ತನ್ನ ಬಂಟ ಮಣಲೇರನ ಶೌರ್ಯಕ್ಕೆ ಮೆಚ್ಚಿ ಏನು ಬೇಕೆಂದು ಕೇಳುತ್ತಾನೆ. ಮಣಲೇರ ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಹಂದಿಯೊಂದರ ಜೊತೆ ಕಾದಾಡುತ್ತ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಚಲ್ಲೇಶ್ವರ ದೇವಾಲಯದ ಎದುರು ಕಲ್ಲು ನೆಟ್ಟರು. ಇಂದು ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಗಮನಿಸಬೇಕಾದ ಸಂಗತಿ ಮುಂದಿದೆ. ಕಲ್ಲು ನೆಟ್ಟು ಕೈ ತೊಳೆದುಕೊಳ್ಳಲಿಲ್ಲ. ಅದರ ಪೂಜೆಗೆಂದು ಭೂಮಿ ಬಿಟ್ಟರು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂದು ಶಾಸನ ವಿಧಿಸಿತು. ನೆನಪು ಉಳಿಯಬೇಕಾದರೆ ಅದಕ್ಕೊಂದು ಹೊಲ ಬೇಕು, ಹೊಲ ಉಂಡವನಿಗೊಂದು ಕರ್ತವ್ಯ ಬೇಕು ಎಂಬ ತಿಳಿವಳಿಕೆ ಸಾವಿರ ವರ್ಷಗಳ ಹಿಂದೆಯೇ ಇತ್ತು.

ಬೆಣ್ಣೆ ಚಾವಡಿಯಿಂದ ಅಮೃತ ಮಹಲ್‌ಗೆ

ಪ್ರಾಣಿಗಳಿಗೆ ನೆಲ ಮೀಸಲಿಡುವ ಈ ಕ್ರಮ ರಾಜ್ಯದ ವ್ಯವಸ್ಥೆಯಾಗಿ ಬೆಳೆದದ್ದು ಮೈಸೂರು ಅರಸರ ಕಾಲದಲ್ಲಿ. 17ನೇ ಶತಮಾನದ ಕೊನೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ಹಸುಗಳಿಗಾಗಿ 'ಬೆಣ್ಣೆ ಚಾವಡಿ' ಎಂಬ ಇಲಾಖೆಯನ್ನು ನಡೆಸಿದರು. ಟಿಪ್ಪು ಸುಲ್ತಾನ್ ಅದಕ್ಕೆ 'ಅಮೃತ ಮಹಲ್' ಎಂದು ಹೆಸರಿಟ್ಟು, ಹುಕುಂನಾಮೆಯ ಮೂಲಕ ನಿಯಮಗಳನ್ನು ಗೊತ್ತುಮಾಡಿದ. ಹಿಂಡುಗಳ ಮೇಯುವಿಕೆಗೆ ಬಿಟ್ಟ ಹುಲ್ಲುಗಾವಲುಗಳೇ 'ಕಾವಲು'ಗಳು. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ವಿಂಗಡಿಸಲಾಗಿತ್ತು. ಒಂದು ಕಡೆ ಮೇವು ತೀರುವ ಹೊತ್ತಿಗೆ ಹಿಂಡು ಇನ್ನೊಂದು ಕಡೆಗೆ ಸಾಗುತ್ತಿತ್ತು. ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗದ ಬಯಲುಗಳಲ್ಲಿ ಇಂಥ ಕಾವಲುಗಳು ಹರಡಿದ್ದವು. ಅರಸೀಕೆರೆ ತಾಲ್ಲೂಕಿನ ಹಬ್ಬನಘಟ್ಟ ಅಂಥದೊಂದು ಜಾಗ.

ಇದು ಧರ್ಮಕಾರ್ಯವಾಗಿರಲಿಲ್ಲ, ಸೈನ್ಯದ ಅಗತ್ಯವಾಗಿತ್ತು. ಫಿರಂಗಿ ಮತ್ತು ಸಾಮಗ್ರಿ ಎಳೆಯಲು ಈ ಎತ್ತುಗಳೇ ಬೇಕು. ಇವುಗಳ ಬಲದಿಂದ ಹೈದರ್ ಅಲಿ ಚಿದಂಬರದ ನೆರವಿಗೆ ಎರಡೂವರೆ ದಿನಗಳಲ್ಲಿ ನೂರು ಮೈಲಿ ಸಾಗಿದ ಎಂಬ ಮಾತು ಮೈಸೂರು ಗೆಜೆಟಿಯರಿನಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡುಗಳು ಬ್ರಿಟಿಷರ ವಶವಾದವು. ಖರ್ಚು ಉಳಿಸುವ ನೆಪದಲ್ಲಿ 1860ರಲ್ಲಿ ಇಲಾಖೆಯನ್ನೇ ಮುಚ್ಚಿ ದನಗಳನ್ನು ಮಾರಿದರು. ಕೆಲವೇ ವರ್ಷಗಳಲ್ಲಿ ಒಳ್ಳೆಯ ಎತ್ತು ಸಿಗದಂತಾಗಿ ಮತ್ತೆ ಹಿಂಡು ಕಟ್ಟಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರದ ಕೈಗೆ ಬಂತು. 1929ರಲ್ಲಿ ಅಜ್ಜಂಪುರದಲ್ಲಿ ತಳಿ ಸಂವರ್ಧನಾ ಕೇಂದ್ರ ಆರಂಭವಾಯಿತು.

ರಾಜ್ಯದ ಮಟ್ಟದಲ್ಲಿ ಕಾವಲು ಇದ್ದಂತೆ ಊರಿನ ಮಟ್ಟದಲ್ಲಿ ಗೋಮಾಳ, ಗೋಕಟ್ಟೆ, ಬಾವಿಯ ಪಕ್ಕದ ಕಲ್ಲುಬಾನಿ ಇದ್ದವು. ಬೀಡಾಡಿ ದನ ಪೈರಿಗೆ ಬಿದ್ದರೆ ಹೊಡೆದುಕೊಂಡು ಹೋಗಿ ಕೂಡಲು ದೊಡ್ಡಿ ಇತ್ತು. ಮಾಲೀಕ ದಂಡ ಕಟ್ಟಿ ಬಿಡಿಸಿಕೊಳ್ಳಬೇಕಿತ್ತು. ಮುದಿಯಾದ ಹಸು ಕೂಡ ಗೋಮಾಳದಲ್ಲಿ ನಾಲ್ಕು ಹುಲ್ಲು ಮೇಯ್ದು ದಿನ ದೂಡುತ್ತಿತ್ತು. ಅದನ್ನು ಸಾಕುವ ಹೊರೆ ಒಬ್ಬನೇ ರೈತನ ತಲೆಯ ಮೇಲೆ ಬೀಳುತ್ತಿರಲಿಲ್ಲ.

ಮುಂಬಯಿಯ ನಾಯಿಗಳು

ನಗರಗಳಲ್ಲಿ ಗೋಮಾಳವಿರಲಿಲ್ಲ. ಅಲ್ಲಿ ಹುಟ್ಟಿದ್ದು ಸಂಘ-ಸಂಸ್ಥೆಗಳು. 1832ರಲ್ಲಿ ಮುಂಬಯಿಯ ಬ್ರಿಟಿಷ್ ಆಡಳಿತ ಬೀದಿನಾಯಿಗಳನ್ನು ಕೊಲ್ಲಿಸಲು ಹೊರಟಾಗ ಪಾರ್ಸಿಗಳು ಸಿಡಿದೆದ್ದರು, ಗಲಭೆಯಾಯಿತು. ಎರಡು ವರ್ಷಗಳ ಬಳಿಕ, 1834ರಲ್ಲಿ ಜಮ್ಷೆಟ್‌ಜಿ ಜೀಜೀಭಾಯಿ ಮತ್ತಿತರ ವರ್ತಕರು ಅಲ್ಲಿ ಪಿಂಜರಾಪೋಲ್ ಸ್ಥಾಪಿಸಿದರು. ಕೊಲ್ಲಬೇಡಿ ಎಂದವರು ಜಾಗವನ್ನೂ ತಾವೇ ಕೊಟ್ಟರು. ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನ ಪಿಂಜರಾಪೋಲ್ ಕೂಡ ಇದೇ ಪರಂಪರೆಗೆ ಸೇರಿದ್ದು. ಇತ್ತ ಲಂಡನ್ನಿನಲ್ಲಿ 1824ರಲ್ಲಿ ಪ್ರಾಣಿಹಿಂಸೆ ತಡೆ ಸಂಘ ಹುಟ್ಟಿತ್ತು. 1861ರಲ್ಲಿ ಕಲ್ಕತ್ತೆಯಲ್ಲಿ ಅಂಥದೇ ಸಂಘ ಬಂತು.

ಸ್ವಾತಂತ್ರ್ಯದ ಬಳಿಕ ರಾಜ್ಯಸಭೆಯಲ್ಲಿ ಈ ವಿಷಯಕ್ಕೆ ದನಿಯಾದವರು ನೃತ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್. ಅವರ ಖಾಸಗಿ ಮಸೂದೆಯ ಒತ್ತಾಯದಿಂದಲೇ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ರೂಪುಗೊಂಡಿತು. 1962ರಲ್ಲಿ ಸ್ಥಾಪನೆಯಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ. ಪ್ರಾಣಿಯನ್ನು ಹಸಿವೆಗೆ ದೂಡಿ ಬಿಟ್ಟುಬಿಡುವುದೂ ಈ ಕಾಯ್ದೆಯಲ್ಲಿ ಅಪರಾಧ. ಆದರೆ ಮೊದಲ ಬಾರಿಯ ತಪ್ಪಿಗೆ ಕಾಯ್ದೆ ಇಟ್ಟ ದಂಡ 10ರಿಂದ 50 ರೂಪಾಯಿ! ಕಾಯ್ದೆ ತಪ್ಪನ್ನು ಗುರುತಿಸಿತು. ಬಿಟ್ಟುಹೋದ ಪ್ರಾಣಿ ಎಲ್ಲಿ ಇರಬೇಕು, ಏನು ತಿನ್ನಬೇಕು ಎಂಬುದನ್ನು ಬಹುಮಟ್ಟಿಗೆ ದಾನಿಗಳ ಕೈಗೆ ಬಿಟ್ಟಿತು.

ಎತ್ತೂ ಹೋಯಿತು, ಗೋಮಾಳವೂ ಹೋಯಿತು

ಈಗ ಅರಸೀಕೆರೆಗೆ ಮರಳೋಣ. ರಾಜ್ಯದ ಭೂ ಕಂದಾಯ ನಿಯಮಗಳು ನೂರು ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕೆನ್ನುತ್ತವೆ. ಕಾಗದದ ಮೇಲೆ ಇದು ಸರಿ. ನೆಲದ ಮೇಲೆ ಆದದ್ದು ಬೇರೆ. ಭೂಮಿಯಿಲ್ಲದವರು ಗೋಮಾಳವನ್ನು ಉತ್ತರು. 1991ರಿಂದ ಬಗರ್‌ಹುಕುಂ ಅರ್ಜಿಗಳ ಮೂಲಕ ಸಕ್ರಮದ ದಾರಿ ತೆರೆಯಿತು. ಆಶ್ರಯ ನಿವೇಶನ, ಶಾಲೆ, ಕಚೇರಿ ಎಲ್ಲಕ್ಕೂ ಸುಲಭವಾಗಿ ಸಿಕ್ಕುತ್ತಿದ್ದುದು ಇದೇ ನೆಲ. ಬಡವನಿಗೆ ಎರಡು ಎಕರೆ ಸಿಕ್ಕಿದ್ದನ್ನು ತಪ್ಪೆನ್ನಲು ಯಾರಿಗೂ ಬಾಯಿ ಬಾರದು. ಆದರೆ ಹುಲ್ಲುಗಾವಲು ನುಂಗಿದವರು ಬಡವರಷ್ಟೇ ಅಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ 2008ರಿಂದೀಚೆಗೆ ಸುಮಾರು 10 ಸಾವಿರ ಎಕರೆ ಅಮೃತ ಮಹಲ್ ಕಾವಲು ರಕ್ಷಣಾ, ಅಣು ಮತ್ತು ಬಾಹ್ಯಾಕಾಶ ಸಂಸ್ಥೆಗಳ ಪಾಲಾಯಿತು. ಈ ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು.

ಇದೇ ಹೊತ್ತಿಗೆ ಟ್ರ್ಯಾಕ್ಟರ್, ಟಿಲ್ಲರ್ ಬಂದು ಎತ್ತಿನ ಕೆಲಸ ಕಡಿಮೆಯಾಯಿತು. ಹಾಲಿಗಾಗಿ ಮಿಶ್ರತಳಿ ಹಸು ಬಂದಾಗ ಅದರ ಗಂಡುಕರು ಯಾರಿಗೂ ಬೇಡವಾಯಿತು. 1964ರ ಕಾಯ್ದೆ 12 ವರ್ಷ ಮೀರಿದ, ಕೆಲಸಕ್ಕೆ ಬಾರದ ಎತ್ತು, ಎಮ್ಮೆಗಳ ವಧೆಗೆ ಅವಕಾಶ ಕೊಟ್ಟಿತ್ತು. 2020ರ ಕಾಯ್ದೆ 13 ವರ್ಷ ಮೀರಿದ ಎಮ್ಮೆ, ಕೋಣಗಳನ್ನು ಬಿಟ್ಟು ಉಳಿದ ಎಲ್ಲ ದನಗಳ ವಧೆಯನ್ನೂ ನಿಷೇಧಿಸಿತು. ಈ ಕಾಯ್ದೆಯ ಪರ-ವಿರೋಧ ವಾದಗಳು ಏನೇ ಇರಲಿ, ಒಂದು ಲೆಕ್ಕವನ್ನು ಇಬ್ಬರೂ ಒಪ್ಪಬೇಕು. ಮುನ್ನೂರು ಕಿಲೊ ತೂಗುವ ದನಕ್ಕೆ ದಿನಕ್ಕೆ ಸುಮಾರು ಏಳು ಕಿಲೊ ಒಣ ಮೇವಾದರೂ ಬೇಕು. ವರ್ಷಕ್ಕೆ ಎರಡೂವರೆ ಟನ್ ಆಯಿತು. ಗೊಡ್ಡಾದ ಮೇಲೂ ಹಸು ಎಷ್ಟೋ ವರ್ಷ ಬದುಕುತ್ತದೆ. ಗೋಮಾಳವಿಲ್ಲದ ಊರಿನಲ್ಲಿ ಈ ಮೇವು ದುಡ್ಡು ಕೊಟ್ಟು ಕೊಳ್ಳುವಂಥದು. ದಾನಿಗಳು ಗೋವುಗಳನ್ನು ದತ್ತು ಪಡೆಯಲೆಂದು ಸರ್ಕಾರ 2022ರಲ್ಲಿ 'ಪುಣ್ಯಕೋಟಿ ದತ್ತು' ಯೋಜನೆ ತಂದದ್ದೇ ಈ ಖರ್ಚಿನ ಭಾರಕ್ಕೆ ಸಾಕ್ಷಿ.

ಆನೆಗೂ ನಾಯಿಗೂ ಒಂದೇ ಪ್ರಶ್ನೆ

ಬೇಲೂರಿನ ಮಲೆನಾಡು ಅಂಚಿನಲ್ಲಿ ಇದೇ ಪ್ರಶ್ನೆ ದೊಡ್ಡ ರೂಪ ತಾಳಿದೆ. ಬಿಕ್ಕೋಡು, ಅರೇಹಳ್ಳಿ ಭಾಗದ ತೋಟಗಳಲ್ಲಿ ಕಾಡಾನೆ ಈಗ ಅಪರೂಪದ ಅತಿಥಿಯಲ್ಲ. ಹೈಕೋರ್ಟ್ ನೇಮಿಸಿದ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. 2014ರಲ್ಲಿ ಆಲೂರು-ಸಕಲೇಶಪುರ ಕಡೆಯಿಂದ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಲಾಯಿತು. ಆದರೂ ಆನೆಗಳ ಹಾವಳಿ ನಿಲ್ಲಲಿಲ್ಲ. ಮೈಸೂರು ದಸರೆಯಲ್ಲಿ ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸತ್ತದ್ದು ಇದೇ ಜಿಲ್ಲೆಯ ಯಸಳೂರು ವಲಯದಲ್ಲಿ, ಕಾಡಾನೆ ಸೆರೆ ಕಾರ್ಯಾಚರಣೆಯ ನಡುವೆ. ತೋಟದ ಕೂಲಿಯೂ ಸತ್ತ, ಬೆಳೆಗಾರನೂ ನೊಂದ, ಆನೆಯೂ ನೆಲೆ ಕಳೆದುಕೊಂಡಿತು. ಇಲ್ಲಿ ಯಾರಿಗೂ ದಯೆಯಿಲ್ಲ ಎಂದಲ್ಲ. ಜಾಗವಿಲ್ಲ, ಅಷ್ಟೆ.

ನಾಯಿಗಳ ಮಾತೂ ಬೇರೆಯಲ್ಲ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೆಹಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಗಳಿಗೆ ಸಾಗಿಸಲು ಆದೇಶಿಸಿತು. ಹನ್ನೊಂದೇ ದಿನಗಳಲ್ಲಿ ಅದು ಮಾರ್ಪಾಡಾಯಿತು. ಶಸ್ತ್ರಚಿಕಿತ್ಸೆ, ಲಸಿಕೆ ಆದ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಬೇಕೆಂದಾಯಿತು. ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಿಂದ ನಾಯಿಗಳನ್ನು ಆಶ್ರಯತಾಣಗಳಿಗೆ ಒಯ್ಯಬೇಕೆಂಬ ಮತ್ತೊಂದು ಆದೇಶ ಬಂತು. ನಾಯಿಕಡಿತದ ಭಯ ಸುಳ್ಳಲ್ಲ. ಆದರೆ 1832ರಲ್ಲಿ ಮುಂಬಯಿ ಎದುರಿಸಿದ ಪ್ರಶ್ನೆಯನ್ನೇ ರೈಲ್ವೆ ಜಂಕ್ಷನ್ ಇರುವ ಅರಸೀಕೆರೆಯಂಥ ಸಣ್ಣ ಪಟ್ಟಣವೂ ಈಗ ಎದುರಿಸಬೇಕು: ಒಯ್ಯುವುದು ಸರಿ, ಎಲ್ಲಿಗೆ?

ಪ್ರಾಣಿ ರಕ್ಷಣಾ ಸಂಘಟನೆಗಳ ಕೆಲಸವನ್ನು ಅಳೆಯಬೇಕಾದ್ದು ಇಲ್ಲಿ. ಗಾಯಗೊಂಡ ಕರುವನ್ನು ರಾತ್ರಿ ಎತ್ತಿ ತಂದದ್ದು ಸುದ್ದಿಯಾಗುತ್ತದೆ, ಫೋಟೊ ಬರುತ್ತದೆ. ಅದೇ ಕರುವಿಗೆ ಮುಂದಿನ ಹತ್ತು ವರ್ಷ ಮೇವು ಹೊಂದಿಸುವುದು ಸುದ್ದಿಯಲ್ಲ. ಒಳ್ಳೆಯ ಮನಸ್ಸಿನಿಂದ ಆರಂಭವಾದ ಎಷ್ಟೋ ಆಶ್ರಯತಾಣಗಳು ಮಿತಿಮೀರಿ ತುಂಬಿ ಸೊರಗುವುದು ಈ ಎರಡನೆಯ ಕೆಲಸದಲ್ಲಿ. ಕಾವಲುಗಳು, ಗೋಮಾಳಗಳು ಸದ್ದಿಲ್ಲದೆ ಹೊತ್ತಿದ್ದ ಭಾರವನ್ನು ನಾಲ್ಕಾರು ಮಂದಿಯ ಹೆಗಲಿಗೆ ಹಾಕಿ, ಅವರು ಕುಸಿದಾಗ ದೂರುವುದು ನ್ಯಾಯವಲ್ಲ.

ಹಳೆಯದೆಲ್ಲ ಮರಳಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ಉಳಿದಿರುವ ಗೋಮಾಳವನ್ನು ಅಳೆದು ಗಡಿ ಹಾಕಬಹುದು. ಗೋಕಟ್ಟೆಯ ಹೂಳು ತೆಗೆಯಬಹುದು. ಪಾಳುಬಿದ್ದ ದೊಡ್ಡಿಯನ್ನು ಗಾಯಗೊಂಡ ಪ್ರಾಣಿಗಳ ತಾಣವಾಗಿ ರಿಪೇರಿ ಮಾಡಿಸಬಹುದು. ಇವು ಪಂಚಾಯಿತಿಯ, ಪುರಸಭೆಯ ಕೈಗೆ ನಿಲುಕುವ ಕೆಲಸಗಳು. ಆತಕೂರಿನವರು ಸತ್ತ ನಾಯಿಗೂ ಹೊಲ ಬಿಟ್ಟಿದ್ದರು, ಉಣ್ಣುವ ಮೊದಲು ಅದನ್ನು ನೆನೆಯಬೇಕೆಂದು ಕಲ್ಲಿನಲ್ಲಿ ಬರೆಸಿದ್ದರು. ಬದುಕಿರುವ ಪ್ರಾಣಿಗಳಿಗೆ ನಾವು ಬಿಡುವುದೆಷ್ಟು ಎಂಬುದನ್ನು ಊರೂರಿನ ಗ್ರಾಮಸಭೆಗಳೇ ಹೇಳಬೇಕು.